ಸರಿಯಾದ ವಿಳಾಸ

ಬರೆದುಕೊಳ್ಳಿ ಸಾಹೇಬರೇ, ತಪ್ಪು ನನ್ನದೇ.
ಫೋನು ಮಾಡಿದ್ದು ನಾನು, ನೊಮಾವೆತು,
ವಯಸ್ಸು ಐವತ್ತೆಂಟು, ಕಸುಬು ಪರರ ಮನೆಯ ನೆಲ.
ಸುಳ್ಳು ವಿಳಾಸ ಕೊಟ್ಟದ್ದೂ ನಾನೇ.

ಆದರೆ ಮೊದಲು ನಿಜವಾದದ್ದನ್ನು ಕೊಟ್ಟಿದ್ದೆ.
ಅದನ್ನೂ ಬರೆದುಕೊಳ್ಳಿ.
ರಾತ್ರಿ ಹನ್ನೊಂದೂ ಹತ್ತು.
ಪಕ್ಕದ ತಗಡಿನ ಬಾಗಿಲನ್ನು ಯಾರೋ ಒದೆಯುತ್ತಿದ್ದರು,
ಒಳಗೆ ಝೋಲೆಕಾ, ಅವಳ ಮೂರು ತಿಂಗಳ ಕೂಸು.
"ಯಾವ ಬೀದಿ?" ಅಂದಳು ಫೋನಿನ ಹುಡುಗಿ.
ಬೀದಿಗೆ ಹೆಸರಿಲ್ಲ ತಾಯಿ,
ನಲ್ಲಿಯ ಹತ್ತಿರ ಬನ್ನಿ, ಸಾಲಾಗಿ ಎಂಟು ಪಾಯಿಖಾನೆ,
ಬಾಗಿಲು ಕಿತ್ತುಹೋದದ್ದು ಯಾವುದೋ ಅಲ್ಲಿಂದ ಎಡಕ್ಕೆ,
ಹಸಿರು ಕಂಟೇನರಿನ ಕ್ಷೌರದಂಗಡಿ ದಾಟಿ ಐದನೆಯದು.
ಗುಂಡಿ ಒತ್ತುವ ಸದ್ದು ಕೇಳಿತು. ನಿಂತಿತು.
"ನಕ್ಷೆಯಲ್ಲಿ ಬರುತ್ತಿಲ್ಲ.
ವ್ಯಾನು ಬಿಡುವಾದಾಗ ಕಳಿಸುತ್ತೇವೆ."

ಬಿಡುವು!
ನಮ್ಮ ಠಾಣೆಯಲ್ಲಿ ವ್ಯಾನು ಎರಡಿದ್ದವು,
ಒಂದರ ಚಕ್ರ ಬಿಚ್ಚಿ ಇನ್ನೊಂದಕ್ಕೆ ಹಾಕಿದ್ದಾರೆ.
ಲುಖಾನ್ಯೊ, ನಮ್ಮ ಓಣಿಯಲ್ಲೇ ಬೆಳೆದ ಪೇದೆ,
ಒಂದು ರಾತ್ರಿಗೆ ಮೂರು ಹೆಣ ಕಂಡು
ಬೆಳಗ್ಗೆ ನನ್ನ ಹೊಸ್ತಿಲಲ್ಲಿ ಕೂತು
ಕೊಟ್ಟ ಚಹಾವನ್ನು ಸುಮ್ಮನೆ ಆರಿಸುತ್ತಾನೆ.
ಅವನನ್ನು ಬೈದರೆ ನಾಲಿಗೆ ಬಿದ್ದುಹೋದೀತು.

ಟೇಬಲ್ ಬೆಟ್ಟದ ಆಚೆ, ನಾನು ದುಡಿಯುವ ಕಡಲ ಬದಿಯಲ್ಲಿ
ಬೀದಿಬೀದಿಗೂ ಹೂವಿನ ಹೆಸರು.
ಹೋದ ಚಳಿಗಾಲ ಫೂರಿ ಅಮ್ಮನವರ ತೋಟದ ಮೇಜು
ಗಾಳಿಗೆ ಮಗುಚಿ ಅಲಾರಾಂ ಕೂಗಿಕೊಂಡಾಗ
ನಾನು ಒದ್ದೆ ಬಟ್ಟೆ ಹಿಂಡುವುದರೊಳಗೆ
ಇಬ್ಬರು ಬಂದಿದ್ದರು, ಇಸ್ತ್ರಿ ಮಡಿಕೆಯ ತೋಳು,
ಬೂಟು ಒರೆಸಿಕೊಂಡು ಒಳಗೆ ಕಾಲಿಟ್ಟರು.
ಪೊಲೀಸರು ಬೂಟು ಒರೆಸಿಕೊಳ್ಳುವುದನ್ನು
ನಾನು ಕಂಡದ್ದು ಅದೇ ಮೊದಲು.

ಆ ರಾತ್ರಿ ಆ ಬೂಟು ನೆನಪಾಯಿತು.
ಮತ್ತೆ ಫೋನು ಮಾಡಿ, ಅಮ್ಮನವರ ಹಾಗೆ ಮೂಗಿನಿಂದ,
"ಹದಿನೇಳು, ಪ್ರೋಟಿಯಾ ರಸ್ತೆ" ಅಂದೆ.
ಮರುಪ್ರಶ್ನೆ ಇಲ್ಲ. "ಹೊರಟರು, ಮೇಡಂ" ಅಂದಳು ಅದೇ ಹುಡುಗಿ.
ಅಲ್ಲಿ ಬೀಗ ಹಾಕಿದ ಗೇಟು ನೋಡಿ
ಇಲ್ಲಿಗೆ ತಿರುಗುತ್ತಾರೆಂದು ನಂಬಿದೆನೆ? ಇಲ್ಲ.
ಹೊರಟರು ಅನ್ನುವ ಮಾತನ್ನು
ಒಂದು ಸಲ ನನ್ನ ಕಿವಿಯಿಂದ ಕೇಳಬೇಕಿತ್ತು.

ಅಷ್ಟರಲ್ಲಿ ಓಣಿಯ ಹೆಂಗಸರು ಸೀಟಿ ಊದಿದರು, ಪಾತ್ರೆ ಬಡಿದರು.
ಅವನು ಓಡಿದ. ಬಾಗಿಲು ಹೋಯಿತು, ಕೂಸು ಉಳಿಯಿತು.
ಸೀಟಿಯನ್ನು ಹೊಗಳಬೇಡಿ.
ಹೋದ ವರ್ಷ ಇದೇ ಸೀಟಿಗೆ ನೆರೆದ ಜನ
ಒಬ್ಬ ಹುಡುಗನನ್ನು ಬಡಿದು ಹಾಕಿದರು.
ಕದ್ದವನು ಅವನಾಗಿರಲಿಲ್ಲ.
ನಾನೂ ಊದಿದ್ದೆ.

ನಿಮ್ಮ ಕಾಗದದಲ್ಲಿ ನಮ್ಮ ಕಡೆಯಿಂದ ಕರೆ ಕಡಿಮೆಯಂತೆ,
ಅದಕ್ಕೇ ಪೇದೆಗಳೂ ಕಡಿಮೆಯಂತೆ.
ಬಾರದವರನ್ನು ಎಷ್ಟು ಸಲ ಕರೆಯುವುದು?

ಸಾವಿನ ಊಟಕ್ಕೆ ನಮ್ಮಲ್ಲಿ ಸೌಟು ಹಿಡಿಯುವವಳು ನಾನು.
ಇನ್ನೂರು ಜನ, ಒಂದು ಕಡಾಯಿ ಕುಟ್ಟಿದ ಜೋಳ, ಕಾಳು.
ತಲೆ ಎಣಿಸಿದರೆ ಬಡಿಸಿದಂತಲ್ಲ;
ರಾತ್ರಿಯೆಲ್ಲ ಗುಂಡಿ ತೋಡಿದವರಾರು,
ದೂರದಿಂದ ನಡೆದು ಬಂದವರಾರು ನೋಡಬೇಕು,
ತಟ್ಟೆ ಚಾಚದವನನ್ನೂ ನೋಡಬೇಕು,
ಚಾಚಿ ಚಾಚಿ ಕೈ ಸೋತು ಕೂತಿರುತ್ತಾನೆ.
ಪಂಕ್ತಿಯ ಕೊನೆ ಮುಟ್ಟುವ ಮೊದಲೇ
ತಳ ಕೆರೆಯುವ ಸದ್ದಾದರೆ
ನಾಚಿಕೆ ಬಡಿಸಿದವಳದು.

ಇರಲಿ. ದಂಡ ಎಷ್ಟು ಹೇಳಿ,
ತಿಂಗಳಿಗಿಷ್ಟು ರ‍್ಯಾಂಡ್ ಅಂತ ಕಟ್ಟುತ್ತೇನೆ.
ಸಹಿ ಇಲ್ಲಿಯೇ?
ಅದರ ಕೆಳಗೆ ವಿಳಾಸವೇ?
ನಿಮ್ಮ ಸಮನ್ಸ್ ತಂದ ಹುಡುಗನನ್ನು ಕೇಳಿ, ಅವನಿಗೆ ಗೊತ್ತು.
ನಲ್ಲಿ, ಎಂಟು ಪಾಯಿಖಾನೆ, ಹಸಿರು ಕಂಟೇನರು ದಾಟಿ
ನೆಟ್ಟಗೆ ನನ್ನ ಬಾಗಿಲಿಗೇ ಬಂದಿದ್ದ,
ಯಾರನ್ನೂ ದಾರಿ ಕೇಳದೆ.